ಹನ್ನೊಂದನೆಯ ದಿನದ ಗ್ರೀಕ್

ಅಬುಧಾಬಿಯಲ್ಲಿ ನಾನು ಕೈಯಲ್ಲಿ ಹಿಡಿದ ಶಿಶುಗಳನ್ನೆಲ್ಲ ಸಾಲಾಗಿ ಮಲಗಿಸಿದರೆ, ಸಾಲು ಹಮ್ದಾನ್ ಸ್ಟ್ರೀಟಿನಿಂದ ಹೊರಟು ದುಬೈ ಮುಟ್ಟಿ, ಜಾಗ ಸಾಲದೆ ವಾಪಸು ಬರುತ್ತದೆ. ಕಿನ್ನಿಗೋಳಿಯ ಕಾರ್ಮಿನ್ ಬಂದಳೆಂದರೆ ಹೆರಿಗೆ ವಾರ್ಡಿನ ಗೋಡೆಗಳೂ ನೆಟ್ಟಗಾಗುತ್ತವೆ. ಅಂಥ ನಾನು ಎರಡೇ ದಿನದಲ್ಲಿ ಪುರಾತನ ಗ್ರೀಕ್ ಕಲಿತ ಕಥೆ ಇದು.

ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಎದುರು ಫ್ಲ್ಯಾಟಿನವಳು ಸ್ಪಂದನಾ, ಮೈಸೂರಿನವಳು. ಗಂಡ ಚಂದು ದಿನಾ ದುಬೈಗೆ ಓಡಾಡುವ ಐಟಿಯವನು. ಇವಳು ಆರು ವರ್ಷದಿಂದ ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯಕ್ಕಾಗಿ ಪ್ರಬಂಧ ಬರೆಯುತ್ತಿದ್ದಳು: ಹೆರುವ ಹೆಂಗಸನ್ನು ಪುರಾತನ ಗ್ರೀಕರು ಯಾವ ಯಾವ ಪದಗಳಿಂದ ಕರೆದರು ಎಂದು. ಹೆರಿಗೆ ನೋವು ಓದಿಸ್. ಚೊಚ್ಚಲು ಹೆತ್ತವಳು ಪ್ರೋತೊತೊಕೊಸ್. ಹೆರಿಗೆ ಮಾಡಿಸುವವಳು ಮೈಯಾ. ಇದು ಗೊತ್ತಾದ ಮೇಲೆ ಸಿಸ್ಟರ್ ಎಂದು ಕರೆದವರತ್ತ ನಾನು ಒಂದು ವಾರ ತಿರುಗಿಯೂ ನೋಡಲಿಲ್ಲ. ಬಾಣಂತಿ ಎಂದರೆ ಲೆಖೋ.

ಪ್ರಬಂಧ ಮುಗಿದಿತ್ತು. ಮೌಖಿಕ ಪರೀಕ್ಷೆಯನ್ನು ಎರಡು ಸಲ ಮುಂದೂಡಿಯಾಗಿತ್ತು. ೨೦೧೪ರ ಆಗಸ್ಟ್ ಕೊನೆಗೆ ನೋಂದಣಿ ಮುಗಿಯುತ್ತಿತ್ತು. ಅಷ್ಟರೊಳಗೆ ಪರೀಕ್ಷೆ ನಡೆಯದಿದ್ದರೆ ಆರು ವರ್ಷ ಖಲಾಸ್. ಮಗು ಮೂರು ವಾರ ಮೊದಲೇ ಬಂದುಬಿಟ್ಟಿತು. ಪರೀಕ್ಷೆಯ ದಿನ ಬಾಣಂತನದ ಹನ್ನೊಂದನೆಯ ದಿನವಾಯಿತು.

ವಿಸಿಟ್ ವೀಸಾದಲ್ಲಿ ಬಂದಿದ್ದ ತಾಯಿ ಸುಮಿತ್ರಾ ನಿವೃತ್ತ ಹೆಡ್‌ಮಿಸ್ಟ್ರೆಸ್. ಮಗಳ ಕಿವಿಗೆ ಹತ್ತಿ ತುರುಕಿ, ತಲೆಗೆ ಸ್ಕಾರ್ಫ್ ಬಿಗಿದು, ಎಸಿ ಆರಿಸಿದ್ದರು. ಆ ಸೆಕೆಯಲ್ಲಿ ಒಂದು ಮೊಟ್ಟೆ ಇಟ್ಟಿದ್ದರೆ, ಬೇಯಲೋ ಮರಿಯಾಗಲೋ ಎಂದು ಅದಕ್ಕೇ ಗೊಂದಲವಾಗುತ್ತಿತ್ತು. ಬಾಣಂತಿ ಓದಿದರೆ ಕಣ್ಣು ಹೋಗುತ್ತದೆ, ಫೋನು ಹಿಡಿದರೆ ಕಿವಿಗೆ ಗಾಳಿ ಹೊಗುತ್ತದೆ ಎಂದು ಪುಸ್ತಕ, ಲ್ಯಾಪ್‌ಟಾಪ್ ಎಲ್ಲ ಕಪಾಟಿಗೆ ಸೇರಿಸಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ನಾನು ಗೊತ್ತಿದ್ದ ವೈದ್ಯಶಾಸ್ತ್ರವನ್ನೆಲ್ಲ ಸುರಿದೆ. ಕದಲಲಿಲ್ಲ. ಕೊನೆಗೆ ಸುಳ್ಳಿಗೆ ಇಳಿದೆ: ಹನ್ನೊಂದನೇ ದಿನ ಬಾಣಂತಿ ಒಂದು ಗಂಟೆ ಮಾತಾಡಿದರೆ ಹಾಲು ಹೆಚ್ಚುತ್ತದೆಂದು ನಮ್ಮ ಆಸ್ಪತ್ರೆಯಲ್ಲೇ ಕಂಡುಹಿಡಿದಿದ್ದಾರೆ.

"ಕಾರ್ಮಿನ್, ಮೂವತ್ತು ವರ್ಷ ಮಕ್ಕಳ ರಜಾಚೀಟಿ ಓದಿದವಳು ನಾನು," ಎಂದರು. "ಸುಳ್ಳು ಹೇಳೋದಾದ್ರೆ ಇನ್ನೂ ಸ್ವಲ್ಪ ಚೆನ್ನಾಗಿ ಹೇಳಮ್ಮ."

ಆಗ ಹಾಸಿಗೆಯಿಂದ ಸ್ಪಂದನಾ ಹೇಳಿದಳು: "ಅಮ್ಮ, ಸ್ಕಾರ್ಫ್ ಬಿಚ್ಚಲ್ಲ, ಹತ್ತಿ ತೆಗೆಯಲ್ಲ, ಎದ್ದೂ ಏಳಲ್ಲ. ಆದ್ರೆ ಮಾತಾಡ್ತೀನಿ. ನೀನು ಬೀಗ ಹಾಕಿರೋದು ಪುಸ್ತಕಕ್ಕೆ, ನನ್ನ ಬಾಯಿಗಲ್ಲ."

ಸುಮಿತ್ರಾ ಮಗುವನ್ನು ಎತ್ತಿಕೊಂಡು ಮೂಲೆಯ ಕುರ್ಚಿಯಲ್ಲಿ ಕುಳಿತರು. ಅದೇ ಒಪ್ಪಿಗೆ.

ಇಂಟರ್ನೆಟ್ಟಿನ ಕರೆ ಇಲ್ಲಿ ನೆಟ್ಟಗೆ ನಡೆಯದು. ಲ್ಯಾಂಡ್‌ಲೈನಿನ ಸ್ಪೀಕರ್ ಹಾಕಿದೆವು. ಆ ಕಡೆ ಇಬ್ಬರು ಪರೀಕ್ಷಕರು. ಹತ್ತಿ ತುರುಕಿದ ಕಿವಿಗೆ ಪ್ರಶ್ನೆ ಮುಟ್ಟಿಸುವ ಕೆಲಸ ನನ್ನದು. ಅದಕ್ಕೆಂದೇ ಹಿಂದಿನ ಎರಡು ದಿನ ಅವಳ ಬಾಯಿಂದ ಕೇಳಿ ಗ್ರೀಕ್ ಪದಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ದಿಂಬಿನ ಪಕ್ಕ ಬಗ್ಗಿ ನಾನು ಗ್ರೀಕ್ ಕೂಗಿದ ಗತ್ತಿಗೆ ಲಿಫ್ಟು ಎರಡು ಸಲ ನಮ್ಮ ಮಹಡಿಗೆ ಬಂದು ನಿಂತಿತು. ನಲವತ್ತು ನಿಮಿಷ ಸ್ಪಂದನಾ ಒಂದು ಕಾಗದವಿಲ್ಲದೆ ಉತ್ತರ ಕೊಟ್ಟಳು.

ಆಮೇಲೆ ಹಿರಿಯ ಪರೀಕ್ಷಕ ತಣ್ಣಗೆ ಕೇಳಿದ: ಲೆಖೋ ಹುಟ್ಟಿದ್ದು ಹಾಸಿಗೆ ಎಂಬ ಪದದಿಂದ. ಅಂದರೆ ಮಲಗಿರುವವಳು, ಅಷ್ಟೇ. ಅದು ಹೆಂಗಸಿನ ಒಂದು ಪ್ರತ್ಯೇಕ ಸ್ಥಿತಿ ಎಂದು ನೀವು ಇಡೀ ಪ್ರಬಂಧ ಕಟ್ಟಿದ್ದೀರಿ. ಆಧಾರ ಏನು?

ಸ್ಪಂದನಾ ಬಾಯಿ ತೆರೆದಳು, ಮಾತು ಬರಲಿಲ್ಲ. ಹನ್ನೊಂದು ದಿನ ನಿದ್ದೆಯಿಲ್ಲದ ಮುಖ. ಆ ಮೌನದಲ್ಲಿ ಆರು ವರ್ಷ ಜಾರುವುದು ನನಗೆ ಕಂಡಿತು. ಇದರಲ್ಲಿ ಮಾತ್ರ ಉತ್ಪ್ರೇಕ್ಷೆ ಇಲ್ಲ.

ಇಂಗ್ಲಿಷ್ ಬಲ್ಲ ಸುಮಿತ್ರಾ ಕುರ್ಚಿ ಬಿಟ್ಟೆದ್ದು ಬಂದು, ಮಗಳ ಕಿವಿಯ ಹತ್ತಿಯನ್ನು ತಾವೇ ತೆಗೆದರು.

"ನಿನ್ನ ದೊಡ್ಡಮ್ಮ ಹನ್ನೊಂದನೇ ದಿನ ಎದ್ದು ನೀರು ಸೇದಕ್ಕೆ ಹೋದ್ಲು. ಬಾವಿಕಟ್ಟೆ ಹತ್ರ ಬಿದ್ದು ಹೋದ್ಲು. ಅವಳು ಮಲಗಿರಲಿಲ್ಲ ಕಣೆ, ನಿಂತಿದ್ಲು. ಆದ್ರೂ ಊರೆಲ್ಲ ಬಾಣಂತಿ ಸತ್ಲು ಅಂತು. ಹೇಳು ಅವನಿಗೆ."

ಸ್ಪಂದನಾ ತಾಯಿಯ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಫೋನಿನತ್ತ ತಿರುಗಿದಳು. ಮೊದಲು ದೊಡ್ಡಮ್ಮನ ಕಥೆ ಹೇಳಿದಳು. ಅನಂತರ ಗ್ರೀಕ್ ವೈದ್ಯರ ಹಳೆಯ ಟಿಪ್ಪಣಿಗಳಿಗೆ ಬಂದಳು: ಕಾಯಿಲೆಯಾದ ಹೆಂಗಸಿನ ವಿಷಯ ಬರೆಯುವಾಗ ಅವರು ಹೆರಿಗೆಯಾಗಿ ಎಷ್ಟನೆಯ ದಿನ ಎಂದು ಬರೆದಿಡುತ್ತಿದ್ದರು. "ಅವರು ಎಣಿಸಿದ್ದು ದಿನಗಳನ್ನು, ಹಾಸಿಗೆಯನ್ನಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು. "ಹಾಸಿಗೆ ಬಿಟ್ಟೆದ್ದರೂ ಆ ಹೆಸರು ಅವಳನ್ನು ಬಿಡುವುದಿಲ್ಲ. ನನ್ನನ್ನೂ ಬಿಟ್ಟಿಲ್ಲ."

ಹತ್ತು ನಿಮಿಷ ಬಿಟ್ಟು ಫೋನು ಮತ್ತೆ ಬಂತು. ಪಾಸು. ಒಂದು ತಿದ್ದುಪಡಿ ಬೇಕು: ಈಗ ಹೇಳಿದ್ದನ್ನು ಮೂರು ತಿಂಗಳೊಳಗೆ ಬರೆದು ಸೇರಿಸಬೇಕು.

ನಾನು ಮುಕ್ಕಾಲು ಡಾಕ್ಟರೇಟು ನನ್ನದೆಂದು ಘೋಷಿಸುತ್ತಿರುವಾಗಲೇ ಸ್ಪಂದನಾ ಪೆನ್ನು ಕೇಳಿದಳು. ಸುಮಿತ್ರಾ ಅವಳ ಕಿವಿಗೆ ಹೊಸ ಹತ್ತಿ ಇಟ್ಟು, ಮಗುವನ್ನು ಎದೆಗೆ ಕೊಟ್ಟು, ಸೊಂಟದ ಬೀಗದ ಕೈ ತೆಗೆದು ಕಪಾಟು ತೆರೆದರು. ನೋಟ್‌ಬುಕ್ಕನ್ನು ಮಗಳಿಗೆ ಕೊಡಲಿಲ್ಲ. ಕನ್ನಡಕ ಹಾಕಿಕೊಂಡು ತಾವೇ ತೊಡೆಯ ಮೇಲಿಟ್ಟುಕೊಂಡರು.

"ನಲವತ್ತು ದಿನ ಓದೋದಿಲ್ಲ, ಬರೆಯೋದಿಲ್ಲ," ಎಂದರು. "ನೀನು ಹೇಳ್ತಾ ಹೋಗು."