ಹಲಗೆಯ ಎತ್ತರ

ನೋಡಬ್ಯಾಡ್ರಿ ಅಕ್ಕಾರ, ಕಣ್ಣ ಹೋದಾವು, ಎಂದು ಶೆಡ್ಡಿನೊಳಗಿಂದ ಮೇಸ್ತ್ರಿ ಸೋಮೇಶ ಕೂಗುವಷ್ಟರಲ್ಲಿ ಭಾಗ್ಯಾ ನೋಡಿಯೇಬಿಟ್ಟಿದ್ದಳು, ವೆಲ್ಡಿಂಗಿನ ಆ ಬೆಳಕು ಈಗ ಕಣ್ಣೊಳಗೆ ಕಪ್ಪು ಮಚ್ಚೆಯಾಗಿ ಕುಳಿತುಬಿಟ್ಟಿದೆ, ಅವಳು ಎತ್ತ ತಿರುಗಿದರೆ ಅತ್ತ ಬರುತ್ತದೆ, ಗೋಡೆಗೆ ಒರಗಿಸಿದ ಹೊಸ ಟಯರುಗಳ ಮೇಲೆ, ಪುಂಡಲೀಕಪ್ಪನ ಬಿಳಿ ಟೊಪ್ಪಿಗೆಯ ಮೇಲೆ, ಕೈಯಲ್ಲಿ ಹಿಡಿದ ಹಾಳೆಯ ಮೇಲೆ — ಹಾಳೆಯಲ್ಲಿ ಮೂರು ಅಂಕಣ, ಎಡಕ್ಕೆ ಎರಡು ಗಾಲಿಯ ಟ್ರೇಲರ್, ನಡುವೆ ನಾಲ್ಕು ಗಾಲಿಯ ಟ್ರೇಲರ್, ಬಲಕ್ಕೆ ಮಿನಿ ಲಾರಿ, ಒಂದೊಂದರ ಕೆಳಗೂ ಲಾಭ, ತೊಂದರೆ ಎಂದು ಬರೆದು ಸ್ಕೇಲು ಇಟ್ಟು ಗೆರೆ ಹೊಡೆದಿದ್ದಾಳೆ, ಗದಗಿನ ಸಂಜೆ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತು ಹೋಗಿ ಕಲಿತದ್ದರಲ್ಲಿ ಉಳಿದದ್ದು ಇದೊಂದೇ ಇರಬೇಕು, ತಿಳೀಲಿಲ್ಲಂದ್ರ ಅಂಕಣ ಹಾಕ್ರಿ, ಅಂಕಣಾನ ಹೇಳತೈತಿ, ಎನ್ನುತ್ತಿದ್ದರು ಸರ್, ಆದರೆ ಈ ಅಂಕಣಗಳು ಏನೂ ಹೇಳುತ್ತಿಲ್ಲ, ಬೇರೆ ಹಾಳೆ ತಂದೆನೇನೋ ಎಂದು ಎರಡು ಸಲ ಮಗುಚಿ ನೋಡಿದಳು, ಇದೇ ಹಾಳೆ. ಯಳವತ್ತಿಯ ಉಳ್ಳಾಗಡ್ಡಿ ಬೆಳೆಗಾರರ ಸಂಘಕ್ಕೆ ಅವಳು ಕಾರ್ಯದರ್ಶಿ, ಪುಂಡಲೀಕಪ್ಪ ಅಧ್ಯಕ್ಷ, ಅಲ್ಲಿ ಟಯರನ್ನು ಒದ್ದು ನೋಡುತ್ತಿರುವ ಹನಮಂತ ಸಂಘದ ಟ್ರ್ಯಾಕ್ಟರ್ ಓಡಿಸುವವನು, ಮೂವರೂ ಲಕ್ಷ್ಮೇಶ್ವರಕ್ಕೆ ಬಂದು ಅಲ್ಲಿಂದ ಬಸ್ಸು ಹಿಡಿದು ಬೆಟಗೇರಿಗೆ ಬಂದಿರುವುದು ಒಂದೇ ಕೆಲಸಕ್ಕೆ, ಹೊಸದಾಗಿ ಕೊಳ್ಳುವುದು ಯಾವುದು, ಅದರ ಪಕ್ಕದ ಹಲಗೆ ಎಷ್ಟು ಎತ್ತರ, ಎರಡು ಮಾತು ಹೇಳಿ ಊಟದ ಹೊತ್ತಿಗೆ ತಿರುಗಿ ಹೋಗುವುದು. ಹಳೆಯ ಟ್ರೇಲರನ್ನು ಮುಂಡರಗಿ ಕಡೆಯ ಯಾರಿಗೋ ಮಾರಿಯಾಗಿದೆ, ಹೋದ ಸುಗ್ಗಿಯಲ್ಲಿ ಕೂಲಿಯ ಶಂಕ್ರೆವ್ವ ಅದರ ಮೇಲಿಂದ ಬಿದ್ದ ಮೇಲೆ ಊರಲ್ಲಿ ಯಾರೂ ಅದನ್ನು ಹೊಲಕ್ಕೆ ಕರೆಯಲಿಲ್ಲ, ಅದರ ಗುಣಾನ ಛಲೋ ಇಲ್ಲ, ನಿಂಬಿಹಣ್ಣ ಕಟ್ಟಿದ್ರೂ ಬಿಡ್ಲಿಲ್ಲ ನೋಡ್ರಿ, ಎಂದರು, ಎಲ್ಲರೂ ಎಂದರು, ಗುಣ ಟ್ರೇಲರಿನದಲ್ಲ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಭಾಗ್ಯಾ ನುಂಗಿಕೊಂಡಳು, ಈಗ ಮುಂಡರಗಿಯ ಯಾವ ಹೊಲದಲ್ಲಿ ನಿಂತಿದೆಯೋ ಅದು, ಮೇಲೆ ಯಾರ ಮನೆಯ ಹೆಣ್ಣುಮಕ್ಕಳು ಕುಳಿತಿದ್ದಾರೋ, ಅದೇ ಹಲಗೆ, ಅದೇ ಎತ್ತರ —

ಎರಡ ಗಾಲೀದ ಬ್ಯಾಡ್ರಿ ಯಜಮಾನ್ರ, ಎನ್ನುತ್ತಿದ್ದಾನೆ ಸೋಮೇಶ, ಕಪ್ಪು ಕನ್ನಡಕವನ್ನು ಹಣೆಗೇರಿಸಿಕೊಂಡು, ಅದರ ಅರ್ಧಾ ಭಾರ ಟ್ರ್ಯಾಕ್ಟರ್ ಬೆನ್ನಮ್ಯಾಲ ಬೀಳತೈತಿ, ಚೀಲ ಹಿಂದ ಜಾಸ್ತಿ ಆದ್ರ ಕೊಂಡಿ ಮ್ಯಾಲ ಎತ್ತತೈತಿ, ಮುಂದ ಜಾಸ್ತಿ ಆದ್ರ ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲಾ ಬಿಡತಾವ, ನಾಕ ಗಾಲೀದಾದ್ರ ತನ್ನ ಭಾರ ತಾನ ಹೊರತೈತಿ. ನೆಲ ಬಿಡುತ್ತವೆ ಎಂಬ ಮಾತಿಗೆ ಅವಳು ತನ್ನ ಎರಡೂ ಪಾದ ನೆಲಕ್ಕೆ ಒತ್ತಿದಳು, ಬೇಡ, ಈಗ ಅದು ಬೇಡ, ಅವರು ಮಾತಾಡುವುದನ್ನು ಕೇಳಿಸಿಕೊಳ್ಳಬೇಕು, ಕಾರ್ಯದರ್ಶಿಯಾದವಳು ಕೇಳಿಸಿಕೊಳ್ಳಬೇಕು. ನಾಕ ಗಾಲೀದನ್ನ ಒಮ್ಮೆ ರಿವರ್ಸ್ ಹೊಡದು ನೋಡೋ ಅಣ್ಣಾ, ಎಂದ ಹನಮಂತ, ನಾ ಎಡಕ ಅಂದ್ರ ಅದು ಬಲಕ, ಥೇಟ್ ನಮ್ಮ ಮನ್ಯಾಕಿ. ಆಕಿ ಬಲಕ ಎಳದಿದ್ದಕ್ಕ ನೀ ಇನ್ನೂ ರಸ್ತೆಮ್ಯಾಲ ಅದೀಯಲೇ, ಇಲ್ಲಂದ್ರ ಗಟಾರದಾಗ ಇರತಿದ್ದಿ, ಎಂದ ಪುಂಡಲೀಕಪ್ಪ, ಸೋಮೇಶ ನಕ್ಕ, ಹನಮಂತನೂ ನಕ್ಕ, ಭಾಗ್ಯಾ ನಕ್ಕದ್ದು ಎಲ್ಲರೂ ನಕ್ಕು ಮುಗಿಸಿದ ಮೇಲೆ, ಅದು ತನಗೇ ಗೊತ್ತಾಗಿ ಕೆಮ್ಮಿದಳು. ಮಿನಿ ಲಾರಿ ತಗೊಂಡ್ರ ಹೆಂಗ ಕಾಕಾ, ಅದರ ಹಾಸು ಕೆಳಗ ಇರತೈತಿ — ಎಂದು ಅಲ್ಲಿಗೇ ನಿಲ್ಲಿಸಿದಳು, ಕೆಳಗಿದ್ದರೆ ಏನು ಎಂದು ಕೇಳಿದರೆ ಹೇಳಬೇಕಾಗುತ್ತಿತ್ತು. ಪುಂಡಲೀಕಪ್ಪ ಕೇಳಲಿಲ್ಲ, ಎರಿ ಹೊಲದಾಗ ಲಾರಿ ಇಳಿಸಿದ್ರ ಮುಗೀತು ತಂಗಿ, ಒಂದ ಮಳಿಗೆ ಗಾಲಿ ಹೂತ ಹೊಕ್ಕಾವು, ಅದನ್ನ ಎಳ್ಯಾಕ ಮತ್ತ ನಮ್ಮ ಟ್ರ್ಯಾಕ್ಟರ್ ಬೇಕು, ಎಂದ, ನಿಜವೇ, ಬಲಗಡೆಯ ಅಂಕಣದಲ್ಲಿ ತೊಂದರೆ ಎಂಬುದರ ಕೆಳಗೆ ಅವಳೇ ಬರೆದದ್ದು, ಕಪ್ಪು ಮಣ್ಣು, ಹೂಳುತ್ತದೆ. ಬಲಗಡೆಯ ಅಂಕಣಕ್ಕೆ ಅಡ್ಡಗೆರೆ, ಎಡಗಡೆಯದಕ್ಕೂ ಅಡ್ಡಗೆರೆ, ನಾಲ್ಕು ಗಾಲಿ ನಿಂತಿತು, ಒಂದು ಉಸಿರಿನಷ್ಟು ಹೊತ್ತು ಹಗುರಾಯಿತು, ಒಂದೇ ಉಸಿರು, ಏಕೆಂದರೆ ಪುಂಡಲೀಕಪ್ಪ ಆಗಲೇ ಅಂಗೈ ಎದೆಯ ಮಟ್ಟಕ್ಕೆ ಹಿಡಿದು ಹೇಳುತ್ತಿದ್ದ, ಹಲಗಿ ಮೂರೂವರಿ ಫೂಟ ಇರಲಿ ಸೋಮೇಶಪ್ಪಾ, ನಮ್ಮ ಭಾಗ್ಯವ್ವನ ಲೆಕ್ಕಾನ ಅದು, ಹಳೇದಕ್ಕೂ ಆಕೀನ ಏರಿಸಿದ್ಲು.

ಆಕೀನ ಏರಿಸಿದ್ಲು. ಹೌದು, ಅವಳೇ. ಕಬ್ಬಿಣದ ತಗಡಾದರೂ ಎಲ್ಲರೂ ಹಲಗೆ ಎಂದೇ ಅನ್ನುವ ಆ ಪಕ್ಕದ ಗೋಡೆ ಮೊದಲು ಎರಡೇ ಅಡಿ ಇತ್ತು, ಸೊರಟೂರಿನ ಹೊಲಗಳಿಗೆ ಉಳ್ಳಾಗಡ್ಡಿ ಕೀಳಲು ಹೋದ ಹೆಣ್ಣುಮಕ್ಕಳು ಸಂಜೆ ಅದೇ ಟ್ರೇಲರಿನಲ್ಲಿ ಚೀಲಗಳ ಮೇಲೆ ಕುಳಿತು ಮರಳುತ್ತಿದ್ದರು, ಕೂರಬಾರದು ಎಂದು ಎಲ್ಲರಿಗೂ ಗೊತ್ತು, ಹಿಂದಿನ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದೂ ಇತ್ತು, ಆದರೆ ಆ ಹೊತ್ತಿಗೆ ಆ ದಾರಿಗೆ ಬಸ್ಸಿಲ್ಲ, ನಡೆದರೆ ಒಲೆ ಹಚ್ಚುವುದು ಯಾರು, ಚೀಲದ ಸಾಲಿಗೂ ಹಲಗೆಯ ಅಂಚಿಗೂ ಒಂದೇ ಮಟ್ಟ, ತಗ್ಗಿಗೆ ಇಳಿದರೆ ಜಾರುವಂತಿದ್ದರು, ಅದನ್ನು ನೋಡಲಾಗದೆ ಭಾಗ್ಯಾ ಸಭೆಯಲ್ಲಿ ಎದ್ದು ನಿಂತಿದ್ದಳು, ಒಂದೂವರೆ ಅಡಿ ಏರಿಸಿದರೆ ಅವರು ಗೋಡೆಯ ಒಳಗೆ ಕೂತಂತಾಗುತ್ತದೆ ಎಂದಿದ್ದಳು, ಚಪ್ಪಾಳೆ ತಟ್ಟಿದರು, ಓದಿದಾಕಿ ಅಂದ್ರ ಹಿಂಗ ಇರಬೇಕ ನೋಡು, ಎಂದರು, ಆ ವಾರವೆಲ್ಲ ಅವಳಿಗೆ ಅನ್ನ ರುಚಿಸಿತ್ತು. ಗೋಡೆ ಏರಿದರೆ ಚೀಲವೂ ಏರುತ್ತದೆ ಎಂದು ಅವಳಿಗೆ ಹೊಳೆಯಲಿಲ್ಲ, ಹೇಗೆ ಹೊಳೆಯಲಿಲ್ಲ, ಜಾಗ ಕಂಡರೆ ತುಂಬುವುದು ಎಲ್ಲರ ಕೈ, ಅವಳದೂ ಅದೇ ಕೈ, ಡಬ್ಬಿ ದೊಡ್ಡದಿದ್ದರೆ ಹಿಟ್ಟು ಹೆಚ್ಚು ತುಂಬುವುದಿಲ್ಲವೇ, ಅರವತ್ತು ಚೀಲ ಹಿಡಿಯುತ್ತಿದ್ದದ್ದು ಮೊದಲ ದಿನವೇ ತೊಂಬತ್ತಾಯಿತು, ಹೊಸ ಅಂಚಿನ ಮಟ್ಟಕ್ಕೆ, ಅದರ ಮೇಲೆ ಹೆಣ್ಣುಮಕ್ಕಳು, ಮೊದಲಿಗಿಂತ ಒಂದೂವರೆ ಅಡಿ ಮುಗಿಲಿಗೆ ಹತ್ತಿರ. ಅರವತ್ತೇ ಚೀಲ ಎಂದು ಚೀಟಿ ಬರೆದು ಅಂಟಿಸಿದಳು, ಚೀಟಿ ಮಳೆಗೆ ಹೋಯಿತು. ಶಂಕ್ರೆವ್ವ ಬಿದ್ದ ದಿನವೂ ಮೋಡ, ಭಾಗ್ಯಾ ಸ್ಕೂಟಿಯಲ್ಲಿ ಹೊಲಕ್ಕೆ ಬಂದಿದ್ದಳು, ತೊಂಬತ್ತು ಚೀಲ ಕಂಡವು, ಇಳಿಸ್ರಿ ಎನ್ನಲು ಬಾಯಿ ತೆರೆದಳು, ತೆರೆದದ್ದು ನೆನಪಿದೆ, ನಾಲಿಗೆಗೆ ಗಾಳಿ ತಾಗಿದ್ದು ನೆನಪಿದೆ, ಅಷ್ಟರಲ್ಲಿ ಮೇಲಿಂದ ಶಂಕ್ರೆವ್ವನೇ, ಏ ಭಾಗ್ಯಾ, ನಿಂತ ಏನ ನೋಡ್ತಿ, ಮಳಿ ಬರೂದ್ರಾಗ ನಡೀ, ನನ್ನ ಸೊಸಿ ರೊಟ್ಟಿ ಹೊತ್ತಿಸ್ಯಾಳು, ಎಂದು ಕೂಗಿದಳು, ಎಲ್ಲರೂ ನಕ್ಕರು, ಭಾಗ್ಯಾ ಬಾಯಿ ಮುಚ್ಚಿಕೊಂಡು ಸ್ಕೂಟಿ ಚಾಲೂ ಮಾಡಿದಳು. ಹಳ್ಳದ ಹತ್ತಿರ ರಸ್ತೆಯ ದಿಬ್ಬಕ್ಕೆ ಟ್ರೇಲರ್ ಬಲಕ್ಕೆ ವಾಲಿತು, ಶಂಕ್ರೆವ್ವ ಹೊರಗೆ ಚಿಮ್ಮಿದಳು, ಆದರೆ ಆಗಲೇ ಬೀಳಲಿಲ್ಲ, ಎರಡೂ ಕೈಯಿಂದ ಹಲಗೆಯ ಅಂಚು ಹಿಡಿದು ಹೊರಗೆ ಜೋತಳು, ಹಿಂದೆ ಸ್ಕೂಟಿಯ ಮೇಲಿಂದ ಭಾಗ್ಯಾ ಕಿರುಚಿದಳು, ಎಂಜಿನ್ನಿನ ಸದ್ದಿಗೆ ಹನಮಂತನಿಗೆ ಕೇಳಲಿಲ್ಲ, ಟ್ರ್ಯಾಕ್ಟರ್ ಸಾಗುತ್ತಲೇ ಇತ್ತು, ಶಂಕ್ರೆವ್ವನ ಕಾಲು ನೆಲ ಹುಡುಕುತ್ತಿತ್ತು, ಹೆಬ್ಬೆರಳು ಕೆಳಗೆ ಚಾಚಿ, ಕಾಲುಂಗುರ ಒಮ್ಮೆ ಹೊಳೆದು, ಬೆರಳ ತುದಿಗೂ ರಸ್ತೆಗೂ ನಡುವೆ ಒಂದು ಗೇಣು. ಒಂದು ಗೇಣು ಅಷ್ಟೇ, ಅದು ಕಂಡದ್ದು ಹಿಂದಿದ್ದ ಭಾಗ್ಯಾ ಒಬ್ಬಳಿಗೇ. ಹಿಂದೆಯೇ ಗಾಲಿ.

ಎರಡು ಅಡಿಯ ಹಲಗೆಯಾಗಿದ್ದರೆ ಪಾದ ನೆಲಕ್ಕೆ ತಾಗುತ್ತಿತ್ತು, ಗಾಲಿಯಿಂದ ಆಚೆ ಹೆಜ್ಜೆ ಇಡುತ್ತಿದ್ದಳು. ಈ ಲೆಕ್ಕವನ್ನು ಅವಳು ಟೇಪು ಹಿಡಿದು ಮಾಡಿದ್ದಾಳೆ, ಮಾರುವ ಮೊದಲು, ಸಂಘದ ಶೆಡ್ಡಿನಲ್ಲಿ ಯಾರೂ ಇಲ್ಲದಾಗ, ನೆಲದಿಂದ ಅಂಚಿಗೆ ಏಳು ಅಡಿ, ಶಂಕ್ರೆವ್ವ ಕೈ ಎತ್ತಿ ನಿಂತರೆ ಆರು ಅಡಿ ಚಿಲ್ಲರೆ, ಹಳೆಯ ಅಂಚಾಗಿದ್ದರೆ ಐದೂವರೆ, ಕಳೆದರೆ, ಕೂಡಿಸಿದರೆ, ಎತ್ತ ಮಾಡಿದರೂ ಅದೇ ಉತ್ತರ, ತಾನು ಏರಿಸಿದ ಒಂದೂವರೆ ಅಡಿಯ ಒಳಗೇ ಆ ಒಂದು ಗೇಣು ಕೂತಿದೆ. ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋದಾಗ ಶಂಕ್ರೆವ್ವ ಪಡಸಾಲೆಯ ಕಂಬಕ್ಕೆ ಒರಗಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು, ಎಡಗಾಲು ಮೊಣಕಾಲಿನವರೆಗೆ ಇತ್ತು, ಆಮೇಲೆ ಸೀರೆ ಸುಮ್ಮನೆ ನೆಲದ ಮೇಲೆ ಮಡಚಿ ಬಿದ್ದಿತ್ತು, ಬಾರವ್ವಾ, ಕುಂಡ್ರು, ಎಂದಳು, ನಿನ್ನ ಹಲಗಿ ಎತ್ತರ ಇತ್ತಂತ ಹಿಡಕೊಳ್ಳಾಕ ಆಸರಾತು, ಇಲ್ಲಂದ್ರ ತಲಿ ಕೆಳಗಾಗಿ ಬೀಳ್ತಿದ್ದೆ, ನೀನ ಉಳಿಸಿದಿ ನೋಡು ನನ್ನ. ಭಾಗ್ಯಾ ಊರ ವರಸೆಯಂತೆ ಅತ್ತಿ ಎಂದಳು, ಇನ್ನೊಮ್ಮೆ ಅತ್ತಿ ಎಂದಳು, ಹೇಳಬೇಕಿತ್ತು, ಹೇಳಿದರೆ ಆ ಮುದುಕಿಗೆ ಇದ್ದ ಒಂದು ಸಮಾಧಾನವೂ ಹೋಗುತ್ತದೆ ಎಂದುಕೊಂಡಳು, ಅದು ಅವಳ ಸಮಾಧಾನವೋ ತನ್ನದೋ, ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಎಡಗಾಲಿನದನ್ನು ಮೆಟ್ಟಲು ಬಹಳ ಹೊತ್ತು ಹಿಡಿಯಿತು. ಅವತ್ತಿನಿಂದ ಎಲ್ಲ ಕಡೆಯೂ ಅದೇ, ಬಸ್ಸಿನ ಮೆಟ್ಟಿಲು ಇಳಿಯುವಾಗ, ಬಾವಿಯ ಕಟ್ಟೆಯ ಮೇಲೆ ಕೂತ ಮಕ್ಕಳ ಕಾಲು ತೂಗುವಾಗ, ಒಂದು ಗೇಣು —

ಹಂಗಾರ ಮೂರೂವರಿ ಬರಕೊಳ್ಳಲ್ರೀ ಅಕ್ಕಾರ, ಸೋಮೇಶ ಕಿವಿಯ ಮೇಲಿನ ಪೆನ್ಸಿಲ್ ತೆಗೆದ, ಮುಖ್ಯವಾಗಿ ಏನ ಹೇರ್ತೀರಿ, ತಗಡ ಎಷ್ಟ ದಪ್ಪ ಹಾಕಬೇಕಂತ ಗೊತ್ತಾಗಬೇಕು. ಉಳ್ಳಾಗಡ್ಡಿ, ಎಂದ ಪುಂಡಲೀಕಪ್ಪ. ಗೊಂಜಾಳ, ಹತ್ತಿ, ಎಂದ ಹನಮಂತ. ಮತ್ತ, ಎಂದು ಸೋಮೇಶ ಬರೆಯುತ್ತಲೇ ಕೇಳಿದ. ಮತ್ತ ಹೆಣ್ಮಕ್ಕಳು, ಎಂದಳು ಭಾಗ್ಯಾ. ತನ್ನದೇ ದನಿ, ಆದರೆ ಎಲ್ಲಿಂದ ಬಂತೋ, ಒಳಗೆ ಗ್ರೈಂಡಿಂಗ್ ಮಾಡುತ್ತಿದ್ದವನೂ ಯಂತ್ರ ನಿಲ್ಲಿಸಿದಂತಾಯಿತು, ಅಥವಾ ಅದು ಮೊದಲೇ ನಿಂತಿತ್ತೇನೋ. ಅದನ್ನ ನಾ ಕೇಳ್ಲಿಲ್ರಿ, ನೀವೂ ಹೇಳ್ಲಿಲ್ಲ, ಎಂದ ಸೋಮೇಶ ನಿಧಾನಕ್ಕೆ, ಜನಾ ಕುಂಡ್ರಬಾರದು ಅಂತ ಹಿಂದ ಬರದ ಕೊಡ್ತೀವಿ. ಹಳೇದರ ಮ್ಯಾಲೂ ಬರದಿತ್ರಿ, ಎಂದಳು, ಹಲಗಿ ಎರಡ ಫೂಟ ಸಾಕು, ಅದಕ್ಕಿಂತ ಒಂದ ಬೆರಳ ಹೆಚ್ಚಿಗಿ ಬ್ಯಾಡ. ಪುಂಡಲೀಕಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದ, ಸಿಟ್ಟಿಲ್ಲ ಅವನಿಗೆ, ಅದೇ ಕಷ್ಟ, ಅಲ್ಲವ್ವಾ ತಂಗಿ, ಏರಿಸಿದಾಕೀನೂ ನೀನ, ಇಳಸಂತ ಅನ್ನಾಕೀನೂ ನೀನ, ನಾಳೆ ಸಭಾದಾಗ ಕೇಳಿದ್ರ ನಾ ಏನ ಹೇಳ್ಲಿ, ಶಂಕ್ರೆವ್ವ ಸೈತ ಹಲಗಿ ಎತ್ತರ ಇತ್ತಂತ ಉಳದ್ನಿ ಅಂತಾಳ, ಯಾಕಂತ ಒಂದ ಮಾತ ಹೇಳು. ಯಾಕೆ. ಹಾಳೆಯಲ್ಲಿ ಅದಕ್ಕೆ ಅಂಕಣವಿಲ್ಲ. ಅಂಗಳದಲ್ಲಿ ಶಿರಹಟ್ಟಿಯ ಯಾರಿಗೋ ಮಾಡಿಟ್ಟ ಕೆಂಪು ಟ್ರೇಲರ್ ನಿಂತಿತ್ತು, ಬಣ್ಣ ಒಣಗೈತೇನ್ರಿ ಎಂದು ಕೇಳಿದಳು, ಉತ್ತರಕ್ಕೆ ಕಾಯಲಿಲ್ಲ, ಅದರ ಹಲಗೆ ಮೂರೂವರೆ ಎಂದು ನೋಡಿದರೇ ತಿಳಿಯುತ್ತಿತ್ತು. ಚಪ್ಪಲಿ ಬಿಟ್ಟಳು. ಭಾಗ್ಯಕ್ಕಾ, ಏನ ಮಾಡಾಕತ್ತಿ, ಎಂದ ಹನಮಂತ, ಅವಳು ಗಾಲಿಯ ಮೇಲೆ ಕಾಲಿಟ್ಟು ಏರಿದಳು, ಎರಡೂ ಕೈಯಿಂದ ಅಂಚು ಹಿಡಿದಳು, ಬಿಸಿಲಿಗೆ ಕಾದ ಕಬ್ಬಿಣ, ಅಂಗೈ ಸುಟ್ಟಿತು, ಗಾಲಿಯಿಂದ ಕಾಲು ತೆಗೆದಳು, ಮೈಯ ಭಾರವೆಲ್ಲ ಎಂಟು ಬೆರಳಿಗೆ ಬಂತು, ಅಷ್ಟೊಂದು ಭಾರ ಇರುತ್ತದೆಂದು ಗೊತ್ತಿರಲಿಲ್ಲ, ಮೂವರು ಗಂಡಸರು ನೋಡುತ್ತಿದ್ದಾರೆ, ನೋಡಲಿ, ಕಾಕಾ, ಕೆಳಗ ನೋಡ್ರಿ, ನನ್ನ ಕಾಲ ನೋಡ್ರಿ, ಎಂದಳೋ, ಅಂದುಕೊಂಡಳೋ, ಹೆಬ್ಬೆರಳನ್ನು ಚಾಚಿದಳು, ಚಾಚಿದಷ್ಟೂ ಚಾಚಿದಳು, ನೆಲ ಎಲ್ಲಿ, ಇಲ್ಲೇ ಇರಬೇಕು, ಇಲ್ಲ, ಹನಮಂತ ಓಡಿ ಬರುತ್ತಿದ್ದಾನೆ, ಅವತ್ತು ಶಂಕ್ರೆವ್ವನತ್ತ ಯಾರೂ ಓಡಿ ಬಂದಿರಲಿಲ್ಲ, ಕಾಲ ಕೆಳಗೆ ಬರೀ ಗಾಳಿ, ಬೆರಳ ತುದಿ, ನೆಲ, ನಡುವೆ ಒಂದು ಗೇಣು, ಒಂದು ಗೇಣು, ಒಂದು —