ದೀಪದ ಹೊತ್ತಿನ ಹಿಂಬಾಗಿಲು

ಹೆದರಿಕೆ ಅನ್ನುವುದು ವರ್ಷಿಣಿಗೆ ಹುಟ್ಟಿನಿಂದ ಬಂದ ಆಸ್ತಿ. ಹಲ್ಲಿ ಲೊಚಗುಟ್ಟಿದರೂ ಅವಳ ಎದೆ ಡವಡವ ಅನ್ನುತ್ತಿತ್ತು, ಗಾಳಿಗೆ ಕಿಟಕಿ ಬಡಿದರೂ ಕೈ ತಾಳಿಗೆ ಹೋಗುತ್ತಿತ್ತು. ಇಂಥವಳನ್ನು ಅಭಿಲಾಷ್ ಮದುವೆಯಾಗಿ ತಂದಿಟ್ಟದ್ದು ಎಲ್ಲಿಗೆ ಅಂತೀರಿ? ಇಲವಾಲದ ಹತ್ತಿರದ ಹೊಸ ಬಡಾವಣೆಗೆ. ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ, ಸೈಟುಗಳ ತುಂಬ ಆಳೆತ್ತರದ ಗಿಡಗಂಟಿ. ಸಾಲದ್ದಕ್ಕೆ ಆ ತಿಂಗಳು ಚಿರತೆಯ ಸುದ್ದಿ ಬೇರೆ. ಬೀದಿನಾಯಿಗಳು ಒಂದೊಂದಾಗಿ ಕಾಣೆಯಾಗಿ, ಉಳಿದವು ಬೊಗಳುವುದನ್ನೇ ಬಿಟ್ಟಿದ್ದವು.

ಅಭಿಲಾಷ್ ಬೆಳಿಗ್ಗೆ ಬನ್ನಿಮಂಟಪದ ಗ್ಯಾರೇಜಿಗೆ ಹೋದರೆ ರಾತ್ರಿಯೇ ಬರುವುದು. ಮನೆಯಲ್ಲಿ ಅವಳು, ಇನ್ನೂ ಅಂಬೆಗಾಲಿಡದ ಮಗಳು ತನು, ಅತ್ತೆ ಶಿವನಂಜಮ್ಮ. ಅವತ್ತು ಅತ್ತೆಯೂ ಒಂಟಿಕೊಪ್ಪಲಿನ ತಂಗಿಯನ್ನು ನೋಡಿಕೊಂಡು ಬರಲು ಹೊರಟು ನಿಂತರು.

"ಸಂಜೀಕೆ ಬಂದ್ಬುಡ್ತೀನಿ ಕಣವ್ವ. ದೀಪದ ಒತ್ಗೆ ಇಂದಿನ್ ಬಾಗ್ಲು ಆಕಿ, ಮುಂದಿನ್ ಬಾಗ್ಲು ತಗ್ದು ದೀಪ ಅಚ್ಚು. ಮುಂದಿಂದ ಬಂದ ಲಕ್ಷ್ಮಿ ಇಂದಿಂದ ಒಂಟೋಗ್ಬಾರ್ದು. ಚಿರತೆ ಚಿರತೆ ಅಂತ ನೀನು ಬಾಗ್ಲು ತಗ್ದು ಎಷ್ಟ್ ದಿನ ಆಯ್ತು?"

"ನಂಗೆ ಭಯ ಆಗುತ್ತೆ ಅತ್ತೆ."

"ಚಿಲಕದ ಮ್ಯಾಲಿಟ್ಟಿರೋ ನಂಬ್ಕೇಲಿ ಅರ್ದನಾದ್ರೂ ಆ ತಾಯಿ ಮ್ಯಾಲಿಡು. ಭಯ ಆದ್ರೆ ದೀಪ ಕೈಲಿಡ್ಕೊ. ಅದು ಆರ್ದಂಗೆ ನೋಡ್ಕೊಳೋದು ನಿನ್ ಕೆಲ್ಸ. ಮಿಕ್ಕಿದ್ದು ಅವಳ್ದು."

ಹೇಳುವವರಿಗೇನು, ಹೇಳಿ ಬಸ್ಸು ಹತ್ತಿದರು.

ಮಧ್ಯಾಹ್ನ ನಲ್ಲಿ ನೀರು ಬಂತು. ಬಟ್ಟೆ ಒಣಹಾಕಿ ಬಂದವಳು ಹಿಂಬಾಗಿಲನ್ನು ಹಾಗೇ ತೆರೆದುಬಿಟ್ಟು, ಮನೆ ಮುಂದೆ ಬಿಂದಿಗೆ ತುಂಬಿಸುತ್ತಿದ್ದಳು. ಆಗ ಅರಣ್ಯ ಇಲಾಖೆಯ ಜೀಪು ಮೈಕಿನಲ್ಲಿ ಕೂಗುತ್ತ ಬಂತು. ಚಿರತೆ ಇದೇ ಬಡಾವಣೆಯಲ್ಲಿದೆ, ಯಾರೂ ಹೊರಗೆ ಬರಬೇಡಿ, ಬಾಗಿಲು ಭದ್ರ ಮಾಡಿಕೊಳ್ಳಿ. ವರ್ಷಿಣಿ ಬಿಂದಿಗೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು. ಮುಂಬಾಗಿಲು ಹಾಕಿದಳು, ಹಿಂಬಾಗಿಲಿಗೆ ಚಿಲಕ ಜಡಿದಳು, ಸೆಕೆಗೆ ಬೆಂದರೂ ಪರವಾಗಿಲ್ಲವೆಂದು ಕಿಟಕಿಗಳನ್ನೂ ಮುಚ್ಚಿದಳು. ಆಮೇಲೇ ಅವಳಿಗೆ ಸರಿಯಾಗಿ ಉಸಿರು ಬಂದದ್ದು.

ಹಾಲಿನಲ್ಲಿ ಅತ್ತೆಯ ದೊಡ್ಡ ಮಂಚ. ಅದರ ಮೇಲಿನ ಜಮಖಾನ ನೆಲದವರೆಗೂ ಇಳಿಬಿದ್ದಿರುತ್ತಿತ್ತು. ಪಕ್ಕದಲ್ಲೇ ತನುವಿನ ಕಂಬಿ ತೊಟ್ಟಿಲು. ಮಗು ಕಂಬಿಗಳ ಸಂದಿಯಿಂದ ಮಂಚದ ಕೆಳಗೆ ನೋಡುತ್ತ ಕೇಕೆ ಹಾಕಿ ನಗುತ್ತಿತ್ತು.

"ಯಾರೇ ಅಲ್ಲಿರೋದು, ನಿಮ್ಮಜ್ಜಿನಾ?" ಎಂದು ವರ್ಷಿಣಿಯೂ ನಕ್ಕಳು.

ಮನೆಯಲ್ಲಿ ಏನೋ ವಾಸನೆ. ಒದ್ದೆ ಗೋಣಿಚೀಲದ್ದಿರಬೇಕು ಅಂದುಕೊಂಡಳು. ತೊಟ್ಟಿಲ ಬುಡದಲ್ಲಿ ಚಾಪೆ ಹಾಸಿ, ಮಂಚದ ಕಡೆಗೆ ಕಾಲು ಚಾಚಿ ಮಲಗಿದವಳಿಗೆ ಗಾಢ ನಿದ್ದೆ. ನಡುವೆ ಒಮ್ಮೆ ಎಚ್ಚರವಾದಾಗ ಅಂಗಾಲಿಗೆ ಬೆಚ್ಚನೆ ಗಾಳಿ ತಾಕುತ್ತಿತ್ತು. ಬಂದು ಬಂದು ನಿಲ್ಲುವ ಗಾಳಿ. ಫ್ಯಾನಿರಬೇಕು ಎಂದು ಮಗ್ಗುಲಾದಳು. ಕಣ್ಣು ಮುಚ್ಚುವ ಮುಂಚೆ ನೋಡಿದರೆ, ಕರೆಂಟು ಹೋಗಿ ಫ್ಯಾನಿನ ರೆಕ್ಕೆಗಳು ಸುಮ್ಮನೆ ನಿಂತಿದ್ದವು. ನಿದ್ದೆಗಣ್ಣಿನಲ್ಲಿ ಅವಳು ಅದನ್ನು ಕನಸಿನ ಲೆಕ್ಕಕ್ಕೆ ಸೇರಿಸಿಬಿಟ್ಟಳು.

ಎದ್ದಾಗ ಸಂಜೆ. ಕರೆಂಟು ಇನ್ನೂ ಬಂದಿರಲಿಲ್ಲ. ಅತ್ತೆ ಬರುವ ಹೊತ್ತು, ಇವತ್ತೂ ಬಾಗಿಲು ಹಾಕಿದ್ದರೆ ಬೈಸಿಕೊಳ್ಳಬೇಕು. ಧೈರ್ಯ ಮಾಡಿ ಮುಂಬಾಗಿಲು ತೆಗೆದಳು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ, ತಿರುವಿನಲ್ಲಿ ಜೀಪು ಮಾತ್ರ ನಿಂತಿತ್ತು. ಹೊಸ್ತಿಲ ಮುಂದೆ ನೀರು ಚಿಮುಕಿಸಿ, ಈ ಗೋಡೆಯಿಂದ ಆ ಗೋಡೆಯವರೆಗೆ ರಂಗೋಲಿ ಎಳೆದು, ಒಳಗೆ ಬಂದು ಪುಟ್ಟ ಹಿತ್ತಾಳೆ ದೀಪ ಹಚ್ಚಿದಳು. ದೀಪವನ್ನು ಹೊಸ್ತಿಲಿಗೆ ತೋರಿಸಿ, ಅದನ್ನು ಹಿಡಿದೇ ತಲೆಬಾಗಿ ತಿರುಗಿದಳು.

ಜಮಖಾನದ ಅಂಚು ಅಲುಗಿತು. ಮಂಚದ ಕೆಳಗಿನ ಕತ್ತಲು ಮೆಲ್ಲಗೆ ಹೊರಗೆ ಬಂದು, ಮೈಮುರಿದು, ತೊಟ್ಟಿಲ ಪಕ್ಕ ನಿಂತಿತು. ಅದಕ್ಕೆ ಎರಡು ಕಣ್ಣುಗಳಿದ್ದವು.

ಅವಳ ಬೆನ್ನ ಹಿಂದೆ ಬಾಗಿಲು ಹಾರು ಹೊಡೆದಿತ್ತು. ಒಂದು ಹೆಜ್ಜೆ ಇಟ್ಟರೆ ಅವಳು ಬದುಕಿಕೊಳ್ಳುತ್ತಿದ್ದಳು. ಆದರೆ ತೊಟ್ಟಿಲು ಒಳಗಿತ್ತು. ತನು ಕಂಬಿಯ ಹೊರಗೆ ಕೈಚಾಚಿ ಚಿರತೆಯ ಬಾಲವನ್ನು ಹಿಡಿಯಲು ನೋಡುತ್ತಿತ್ತು.

ತಿರುವಿನಲ್ಲಿ ಮೈಕು ಗೊರಗೊರ ಅಂದಿತು. ಚಿರತೆ ಬೀದಿಯ ಕಡೆ ನೋಡಿ ಹಲ್ಲು ತೋರಿಸಿತು. ಓಡಿ ಹೋಗಿ ಹಿಂಬಾಗಿಲನ್ನು ಕೆರೆಯಿತು, ಮತ್ತೆ ತೊಟ್ಟಿಲ ಬಳಿಗೇ ಬಂದು ಗುರುಗುಟ್ಟಿತು. ಅದಕ್ಕೂ ಹೆದರಿಕೆ! ವರ್ಷಿಣಿಗೆ ಗೊತ್ತಾಗದೆ ಇರುತ್ತದೆಯೇ, ಹೆದರಿಕೆಯ ಗುರುತು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಬಾಗಿಲು ತೆರೆಯಬೇಕು. ದೀಪದ ಹೊತ್ತಿನಲ್ಲಿ ತೆರೆಯಲೇಬಾರದ ಬಾಗಿಲು. ಅದಕ್ಕೆ ಚಿರತೆಯನ್ನು ದಾಟಿಕೊಂಡೇ ಹೋಗಬೇಕು.

'ತಾಯಿ ಚಾಮುಂಡಿ, ನನ್ನ ಕೈಲಾಗಲ್ಲ. ನೀನೇ ನಡೆಸು.'

ಅದೇ ಅವಳಿಗೆ ತೋಚಿದ ಪ್ರಾರ್ಥನೆ. ದೀಪಕ್ಕೆ ಅಂಗೈ ಮರೆಮಾಡಿ, ಗೋಡೆಗೆ ಬೆನ್ನು ಸವರುತ್ತ ನಡೆದಳು. ದೀಪ ಆರಬಾರದು, ಅಷ್ಟೇ. ಚಿರತೆಯ ಮೀಸೆ ಅವಳ ಸೀರೆಯ ನೆರಿಗೆಗೆ ತಾಕಿತು. ಅಂಗಾಲಿಗೆ ತಾಕಿದ್ದ ಅದೇ ಬೆಚ್ಚನೆ ಗಾಳಿ ಈಗ ಮೊಣಕಾಲಿಗೆ ತಾಕಿತು. ಎಲ್ಲವೂ ಅರ್ಥವಾಯಿತು, ಆದರೂ ಅವಳು ನಿಲ್ಲಲಿಲ್ಲ. ಚಿಲಕ ಸರಿಸಿ, ಬಾಗಿಲನ್ನು ಒಳಕ್ಕೆಳೆದು ಅದರ ಹಿಂದೆ ಗೋಡೆಗೆ ಅಂಟಿಕೊಂಡಳು. ಹಲಗೆಯ ಆಚೆ ಉಗುರುಗಳ ಸದ್ದು ಹತ್ತಿರ ಬಂತು, ನಿಂತಿತು. ಮೂಸುವುದು ಕೇಳಿಸಿತು. ಆಮೇಲೆ ಗಿಡಗಂಟಿ ಸರಸರ ಅಂದಿತು.

ಮಗುವನ್ನು ಎದೆಗೆ ಅವುಚಿಕೊಳ್ಳುವಾಗಲೇ ಅವಳು ಕೈಯನ್ನು ನೋಡಿಕೊಂಡದ್ದು. ದೀಪ ಯಾವಾಗಲೋ ಆರಿಹೋಗಿತ್ತು.

ಸ್ವಲ್ಪ ಹೊತ್ತಿಗೆ ಶಿವನಂಜಮ್ಮ ಬಂದರು. ಹೊಸ್ತಿಲಲ್ಲಿ ನಿಂತವರ ಕಣ್ಣು ನೇರ ಹೋದದ್ದು ಹಿಂಬಾಗಿಲಿಗೆ.

"ಇದೇನವ್ವ, ಇಷ್ಟೊತ್ನಲ್ಲಿ ಇಂದಿನ್ ಬಾಗ್ಲು ತಗ್ದಿದ್ದೀಯಾ?"

ವರ್ಷಿಣಿ ಅಳುತ್ತ ಎಲ್ಲವನ್ನೂ ಹೇಳಿದಳು. "ದೀಪನೂ ಆರೋಯ್ತು ಅತ್ತೆ. ಅಷ್ಟೂ ಆಗ್ಲಿಲ್ಲ ನನ್ ಕೈಲಿ."

ಶಿವನಂಜಮ್ಮ ಹೊಸ್ತಿಲ ಮುಂದಿನ ರಂಗೋಲಿಯನ್ನು ನೋಡಿದರು. ಒಂದೆಳೆಯೂ ಕೆಟ್ಟಿರಲಿಲ್ಲ, ಅದನ್ನು ತುಳಿದು ಯಾವುದೂ ಒಳಗೆ ಬಂದಿರಲಿಲ್ಲ. ಬಗ್ಗಿ ಜಮಖಾನ ಎತ್ತಿದರು. ಕೆಳಗೆ ರಾಗಿಯ ಖಾಲಿ ಚೀಲಗಳು ದುಂಡಗೆ ತಗ್ಗಾಗಿದ್ದವು. ಅಂಗೈ ಇಟ್ಟು ನೋಡಿದರು. ಇನ್ನೂ ಬೆಚ್ಚಗಿತ್ತು.

"ಮದ್ಯಾನ್ದಿಂದ ಇಲ್ಲೇ ಮನ್ಗಿತ್ತಲ್ಲೇ," ಅಂದರು. ಅವರ ದನಿ ನಡುಗಿದ್ದನ್ನು ವರ್ಷಿಣಿ ಕೇಳಿದ್ದು ಅದೇ ಮೊದಲು. "ನೀನು ಚಿಲಕ ಆಕೊಂಡು ಅದರ ಮುಂದ್ಗಡೆ ನಿದ್ದೆ ಮಾಡ್ದೆ. ಆಗ ನಿನ್ ಕೈಲಿ ದೀಪ ಇತ್ತಾ? ಯಾರ್ನಾದ್ರೂ ಕೂಗ್ದ್ಯಾ?"

ವರ್ಷಿಣಿ ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ ಅಷ್ಟೊತ್ತೂ ಯಾರವ್ವ ಕಾದಿದ್ದು?"

ಶಿವನಂಜಮ್ಮ ಹಿಂಬಾಗಿಲು ಹಾಕಿ ಬಂದು, ಮುಂಬಾಗಿಲ ಚಿಲಕಕ್ಕೂ ಕೈ ಹಾಕಿದರು. ಚಿರತೆ ಇನ್ನೂ ಆ ಗಿಡಗಂಟಿಯಲ್ಲೇ ಇತ್ತು, ಜೀಪು ಆ ಕಡೆಗೆ ಹೊರಟಿತ್ತು. ವರ್ಷಿಣಿ ಬೆಂಕಿಪೊಟ್ಟಣ ತೆಗೆದುಕೊಂಡಳು. ಎರಡು ಕಡ್ಡಿ ಮುರಿದವು.

"ದೀಪ ಹಚ್ಚೋವರ್ಗೂ ಬಾಗ್ಲು ತೆಗ್ದೇ ಇರ್ಲಿ ಅತ್ತೆ," ಅಂದಳು.