ಶಾಯಿ ಹಸಿರಾಗುವ ಸುದ್ದಿ

ಸಿಂದಗಿ ಸೀಮೆಯಲ್ಲಿ ಈ ಸಂಗತಿಯನ್ನು ಹಲವರು ಹಲವು ಬಗೆಯಲ್ಲಿ ಹೇಳುತ್ತಾರೆ. ಕನ್ನೊಳ್ಳಿಯಲ್ಲಿ ಕೇಳಿಬಂದುದು ಹೀಗೆ.

ಎರಡು ಸಾವಿರದ ಎಂಟರ ವಿಧಾನಸಭಾ ಚುನಾವಣೆಯ ಮುನ್ನಾದಿನ. ವಿಧವಾ ವೇತನದಿಂದಲೇ ಬದುಕುತ್ತಿದ್ದ ಹುಲಿಗೆವ್ವ ಈ ಸಲ ಮತ ಹಾಕುವುದಿಲ್ಲವೆಂದು ಕುಳಿತಿದ್ದಳು. ಸಿಂದಗಿಯಲ್ಲಿ ಕಾಲೇಜು ಕಲಿಯುವ ಮೈದುನನ ಮಗ ಪರಶು ಇಂಟರ್‌ನೆಟ್ ಅಂಗಡಿಯಲ್ಲಿ ಆರ್ಕುಟ್ ಎಂಬ ಜಾಲತಾಣ ನೋಡಿ ಒಂದು ಸುದ್ದಿ ತಂದಿದ್ದ: ಒಂದು ಪಕ್ಷದ ಚಿಹ್ನೆಗೆ ಒತ್ತದವರ ಬೆರಳಿನ ಶಾಯಿ ಹಸಿರಾಗುವುದು, ಅಂಥವರ ವೇತನ ನಿಲ್ಲುವುದು.

ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದ್ದ ನೆರೆಮನೆಯ ಶಿಕ್ಷಕಿ ವಿದ್ಯಾವತಿ ಇದನ್ನು ಕೇಳಿ ಬಂದಳು.

“ಸುಳ್ಳಲ್ರೀ ಅಕ್ಕಾರ,” ಎಂದ ಪರಶು. “ಆರ್ಕುಟ್‌ನಾಗ ಹಿಂದಿನ ಹಂತದ ಓಟಿನಾಗ ಹಸರಾದ ಬೆರಳಿನ ಫೋಟೋ ಸಮೇತ ಐತಿ. ಇಂಡಿಯಿಂದ ಒಬ್ಬಾಂವ, ಮುದ್ದೇಬಿಹಾಳದಿಂದ ಒಬ್ಬಾಂವ, ಬಾಗೇವಾಡಿಯಿಂದ ಒಬ್ಬಾಂವ ಹಾಕ್ಯಾರ. ಎಲ್ಲಾರೂ ಸುಳ್ಳ ಹೇಳ್ತಾರೇನ್ರಿ?”

“ಫೋಟೋದಾಗಿನ ಕೈ ಬ್ಯಾರೆ ಬ್ಯಾರೆ ಅದಾವೇನೋ?” ವಿದ್ಯಾವತಿ ಕೇಳಿದಳು.

ಪರಶು ತಡವರಿಸಿದ. “ಇಲ್ರಿ. ಮೂರೂ ಕಡಿ ಒಂದ ಕೈ. ಅದ ತಾಮ್ರದ ಉಂಗುರ.”

“ಹಂಗಾರ ಒಬ್ಬಾಂವ ಹಾಕಿದ್ದನ್ನ ಉಳದಾವ್ರು ನಕಲ ಮಾಡ್ಯಾರ. ಮೊದಲ ಹಾಕಿದಾಂವ ಯಾರು?”

“ಗೊತ್ತಿಲ್ರಿ. ಹೆಸರಿನ ಜಾಗಾದಾಗ ಗುಲಾಬಿ ಹೂ ಐತ್ರಿ.”

“ಹೂವಿನ ಮಾತ ಕೇಳಿ ನನ್ನ ಹೆದರಿಸಿದ್ಯಲ್ಲೋ ಭಾಡ್ಯಾ!” ಎಂದು ಹುಲಿಗೆವ್ವ ಗದರಿದಳು. ಆದರೂ ಭಯ ಇಳಿಯಲಿಲ್ಲ. “ಖರೇ ಇದ್ರ ಏನ್ ಮಾಡ್ಲಿ ಅಕ್ಕಾರ? ಆ ರೊಕ್ಕ ನಿಂತ್ರ ನಮ್ಮನಿ ಒಲಿ ಹತ್ತೂದಿಲ್ಲ.”

“ಯವ್ವಾ, ಇಷ್ಟು ಸಲ ಓಟು ಹಾಕೀದಿ. ಶಾಯಿ ಯಾವಾಗ ಹಚ್ತಾರ, ನೀನ ಹೇಳು.”

ಹುಲಿಗೆವ್ವ ತನ್ನ ಎಡಗೈ ಬೆರಳನ್ನು ನೋಡಿಕೊಂಡಳು. “ಹೆಸರು ಕೂಗಿ, ಶಾಯಿ ಹಚ್ಚಿ, ಆಮ್ಯಾಲೆ ಮಷಿನ್ ಕಡಿ ಕಳಸ್ತಾರ...” ಎಂದವಳು ಅಲ್ಲಿಗೇ ನಿಂತಳು. “ನಾ ಇನ್ನೂ ಗುಂಡಿ ಒತ್ತೇ ಇರೂದಿಲ್ಲ. ಶಾಯಿಗೆ ಹೆಂಗ ತಿಳೀತೈತಿ?”

ಪರಶು ತಲೆ ತಗ್ಗಿಸಿದ. “ದೊಡ್ಡವ್ವಾ, ಓಣಿ ತುಂಬ ಹೇಳಿಬಿಟ್ಟೇನಿ.”

“ಹೇಳಿದ ಬಾಯೀಲೆ ಸುಳ್ಳಂತ ಹೇಳಿ ಬಾ. ಏಳು!” ಎಂದಳು ಹುಲಿಗೆವ್ವ.

ಅವನು ಮನೆಮನೆಗೆ ಹೋದ. ಕೆಲವರು ಬೈದರು; ಬಹಳಷ್ಟು ಜನ ನಂಬಿದರು. ಹುಚ್ಚವ್ವನೆಂಬ ಮುದುಕಿಯ ಬಾಗಿಲಿಗೆ ಮಾತ್ರ ಬೀಗವಿತ್ತು. ಹಸಿರು ಶಾಯಿಯ ಸುದ್ದಿ ನಂಬಿ, ಓಣಿಯವರು ಬಲವಂತ ಮಾಡಿ ಮತಗಟ್ಟೆಗೆ ಕರೆದೊಯ್ದಾರೆಂದು ಹೆದರಿ, ಆಕೆ ಬೆಳಿಗ್ಗೆಯೇ ಮಗಳ ಊರಿನ ಬಸ್ಸು ಹತ್ತಿದ್ದಳು.

ಮರುದಿನ ಹುಲಿಗೆವ್ವ ಎಲ್ಲರಿಗಿಂತ ಮೊದಲು ಸರದಿಯಲ್ಲಿ ನಿಂತಳು. ಹುಚ್ಚವ್ವನ ಮತ ಬೀಳಲೇ ಇಲ್ಲ.

ಬಂಧುಗಳೇ, ಪರದೆಯ ಮೇಲೆ ಹತ್ತು ಜನ ಬರೆದ ಮಾತ್ರಕ್ಕೆ ಸುದ್ದಿ ನಿಜವಾಗದು. ಕಣ್ಣಾರೆ ಕಂಡವರು ಯಾರೆಂದು ಕೇಳಿರಿ. ಉತ್ತರ ಸಿಗದಿದ್ದರೆ ಅದು ನಿಮ್ಮಿಂದ ಮುಂದೆ ಹೋಗದಿರಲಿ. ಈಗಾಗಲೇ ಹಂಚಿದ್ದರೆ ಇಂದೇ ಹೋಗಿ ತಿದ್ದಿರಿ. ನೀವು ತಲುಪುವಷ್ಟರಲ್ಲಿ ಆ ಮನೆಗೆ ಬೀಗ ಬಿದ್ದಿರಬಾರದು.